ಕ್ರೀಫ್ ಎಂಬ ಊರಿನಲ್ಲಿ ಮೂರು ದಿನ

"ಸ್ಕಾಟ್ಲೆಂಡಿಗೆ ಹೋಗಿ ಬಂದು ಇಷ್ಟು ದಿನವಾಯಿತು, ಒಂದಕ್ಷರವನ್ನೂ ಬರೆಯಲಿಲ್ಲವಲ್ಲ ಮೇಷ್ಟ್ರೇ" ಎಂದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಆಕ್ಷೇಪಿಸಿದ್ದಾರೆ. ನೆಂಟರಲ್ಲಿ ಒಬ್ಬಿಬ್ಬರು, ಚಳಿಗೆ ಕೈ ಮರಗಟ್ಟಿರಬೇಕು ಎಂದು ಹಾಸ್ಯವನ್ನೂ ಮಾಡಿದ್ದಾರೆ. ಬರೆಯಲು ವಿಷಯವಿಲ್ಲದೆ ಸುಮ್ಮನಿದ್ದವನಲ್ಲ. ಬರೆಯಬೇಕಾದ ವಿಷಯದಲ್ಲಿ ನನ್ನದೊಂದು ತಪ್ಪೂ ಸೇರಿಕೊಂಡಿದ್ದುದರಿಂದ ಕೈ ಹಿಂಜರಿಯುತ್ತಿತ್ತು. ಇಂದು ಬರೆದುಬಿಡುತ್ತೇನೆ.

2023ರ ಜೂನ್ ತಿಂಗಳಿನಲ್ಲಿ ಎಡಿನ್‌ಬರೋದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಲ್ಲಿಯ ಕೋಟೆ, ಅರಮನೆಗಳನ್ನೆಲ್ಲ ನೋಡಿಯಾದ ಮೇಲೆ ಮಗಳು, "ಅಪ್ಪ, ಇನ್ನೆಲ್ಲಿಗೆ ಹೋಗೋಣ?" ಎಂದಳು. ನಾನು "ಕ್ರೀಫ್" ಎಂದೆ. ಆಕೆಗೆ ಆಶ್ಚರ್ಯವಾಯಿತು. ಕ್ರೀಫ್ ಎಂಬುದು ಪರ್ತ್‌ಶೈರ್ ಪ್ರಾಂತ್ಯದಲ್ಲಿ, ಅರ್ನ್ ನದಿಯ ಕಣಿವೆಯ ಮೇಲಿನ ಇಳಿಜಾರಿನಲ್ಲಿ ಕುಳಿತಿರುವ, ಏಳು ಸಾವಿರದಷ್ಟು ಜನಸಂಖ್ಯೆಯ ಪುಟ್ಟ ಊರು. ನಮ್ಮ ಕಡೆಯಾದರೆ ಅದನ್ನು ಹೋಬಳಿ ಕೇಂದ್ರವೆನ್ನುತ್ತಿದ್ದೆವು. ಆ ಊರಿನ ಹೆಸರು ನನಗೆ ತಿಳಿದಿದ್ದುದಕ್ಕೆ ಕಾರಣ ಶ್ರೀರಂಗಪಟ್ಟಣ. 1799ರ ಮೇ 4ರಂದು ನಮ್ಮ ಕೋಟೆಯ ಒಡಕಿನೊಳಕ್ಕೆ ಕಂಪನಿಯ ಸೈನ್ಯವನ್ನು ನುಗ್ಗಿಸಿದ ಸೇನಾನಿ ಡೇವಿಡ್ ಬೇರ್ಡ್ ತನ್ನ ಕೊನೆಯ ದಿನಗಳನ್ನು ಕಳೆದದ್ದು, 1829ರಲ್ಲಿ ಸತ್ತದ್ದು ಆ ಊರಿನ ಮಗ್ಗುಲಿನ ಫರ್ನ್‌ಟವರ್ ಎಂಬ ಬಂಗಲೆಯಲ್ಲಿ. ಅವನ ಹೆಂಡತಿಯ ತವರಿನ ಆಸ್ತಿ ಅದು. ಊರಿನಾಚೆಯ ಗುಡ್ಡವೊಂದರ ಮೇಲೆ ಆಕೆ ಅವನಿಗೊಂದು ಸ್ಮಾರಕಸ್ತಂಭವನ್ನು ನಿಲ್ಲಿಸಿದ್ದಾಳೆಂದು ಎಲ್ಲೋ ಓದಿದ್ದೆ. ಮೂವತ್ತು ವರ್ಷ ಶ್ರೀರಂಗಪಟ್ಟಣದ ಆಸುಪಾಸಿನಲ್ಲಿ ಚರಿತ್ರೆ ಪಾಠ ಹೇಳಿದವನಿಗೆ ಅದನ್ನು ನೋಡದೆ ಬರಲು ಮನಸ್ಸಾಗಲಿಲ್ಲ.

ಎಡಿನ್‌ಬರೋದಿಂದ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ಬಯಲುಸೀಮೆ ಮುಗಿದು ಮಲೆನಾಡು ಆರಂಭವಾಗುವ ಹೊಸ್ತಿಲಲ್ಲಿ ಊರಿದೆ. ಈ ಹೊಸ್ತಿಲೇ ಅದರ ಚರಿತ್ರೆ. ಹದಿನೆಂಟನೆಯ ಶತಮಾನದಲ್ಲಿ ಉತ್ತರದ ಬೆಟ್ಟಗಳಿಂದ ದನಗಾಹಿಗಳು ಸಾವಿರಾರು ಕಪ್ಪು ದನಗಳನ್ನು ಹೊಡೆದುಕೊಂಡು ಇಲ್ಲಿಗೆ ಇಳಿಯುತ್ತಿದ್ದರು; ದಕ್ಷಿಣದಿಂದ ಇಂಗ್ಲಿಷ್ ವ್ಯಾಪಾರಿಗಳು ಹಣದ ಚೀಲದೊಂದಿಗೆ ಏರಿಬರುತ್ತಿದ್ದರು. 1723ರಲ್ಲಿ ಈ ಜಾತ್ರೆಯನ್ನು ವರ್ಣಿಸಿದ ಜಾನ್ ಮ್ಯಾಕಿ ಎಂಬ ಪ್ರವಾಸಿ ದನಗಳ ಸಂಖ್ಯೆಯನ್ನು 30,000 ಎಂದು ಅಂದಾಜು ಮಾಡಿದ್ದಾನೆ. ಹೇಮಗಿರಿಯ, ಮುಡುಕುತೊರೆಯ ದನಗಳ ಜಾತ್ರೆಯನ್ನು ಬಾಲ್ಯದಲ್ಲಿ ಕಂಡವರಿಗೆ ಆ ಚಿತ್ರವನ್ನು ಕಣ್ಣಮುಂದೆ ತಂದುಕೊಳ್ಳುವುದು ಕಷ್ಟವಲ್ಲ. ಮುಂದೆ ಜಾತ್ರೆ ದಕ್ಷಿಣದ ಫಾಲ್ಕರ್ಕ್‌ಗೆ ಸ್ಥಳಾಂತರಗೊಂಡಿತು. ಇಂದಿನ ಕ್ರೀಫ್‌ನಲ್ಲಿ ದನದ ಗೊರಸಿನ ಸದ್ದಿಲ್ಲ. ಕಲ್ಲುಕಟ್ಟಡದ ಅಂಗಡಿ ಸಾಲುಗಳು, ಚೌಕ, ಇಳಿಜಾರಿನ ಬೀದಿಯ ಕೊನೆಗೆ ಕಾಣುವ ಹಸುರು ಕಣಿವೆ ಇವೆ.

ಊರಿನ ನೆತ್ತಿಯ ಮೇಲೆ ಕ್ರೀಫ್ ಹೈಡ್ರೋ ಎಂಬ ಭಾರಿ ಹೋಟೆಲಿದೆ. 1868ರಲ್ಲಿ ಮೀಕಲ್ ಎಂಬ ವೈದ್ಯ ಜಲಚಿಕಿತ್ಸೆಗಾಗಿ ಇದನ್ನು ತೆರೆದಾಗ ಇಲ್ಲಿ ಮದ್ಯ ನಿಷಿದ್ಧವಾಗಿತ್ತಂತೆ. ಅಲ್ಲಿಂದ ಅನತಿ ದೂರದಲ್ಲಿಯೇ ಗ್ಲೆನ್‌ಟರೆಟ್ ಎಂಬ ವಿಸ್ಕಿಯ ಭಟ್ಟಿಯಿದೆ. 1763ರಿಂದ ನಡೆಯುತ್ತಿದೆ, ಸ್ಕಾಟ್ಲೆಂಡಿನಲ್ಲಿ ಈಗಲೂ ಕೆಲಸ ಮಾಡುತ್ತಿರುವ ಭಟ್ಟಿಗಳಲ್ಲೆಲ್ಲ ಹಳೆಯದು ಎಂದು ಹೇಳಿಕೊಳ್ಳುತ್ತದೆ. ನಾನು ಕುಡಿಯುವವನಲ್ಲವೆಂಬುದು ನಿಮಗೆಲ್ಲ ಗೊತ್ತು. ಆದರೂ ಮೊಮ್ಮಗನ ಹಟಕ್ಕೆ ಸೋತು ಅಲ್ಲಿಗೆ ಹೋದೆ, ಏಕೆಂದರೆ ಅಲ್ಲೊಂದು ಬೆಕ್ಕಿನ ವಿಗ್ರಹವಿದೆ. ಟೌಸರ್ ಎಂಬ ಆ ಹೆಣ್ಣುಬೆಕ್ಕು 1963ರಿಂದ 1987ರವರೆಗೆ ಬದುಕಿದ್ದು ಭಟ್ಟಿಯ ಬಾರ್ಲಿಯನ್ನು ಕಾಯುತ್ತ 28,899 ಇಲಿಗಳನ್ನು ಹಿಡಿಯಿತೆಂದು ದಾಖಲೆಯಿದೆ. "ಯಾರು ತಾತ ಎಣಿಸಿದವರು?" ಎಂದ ಮೊಮ್ಮಗ. ನನಗೂ ಅದೇ ಸಂದೇಹವಿತ್ತು. ಕೆಲವು ದಿನ ಲೆಕ್ಕವಿಟ್ಟು, ಅದನ್ನೇ ಜೀವಮಾನಕ್ಕೆ ಗುಣಿಸಿದರಂತೆ. ತ್ರೈರಾಶಿಗೆ ಇಷ್ಟು ಚೆಂದದ ಉದಾಹರಣೆ ನನ್ನ ಗಣಿತದ ಸಹೋದ್ಯೋಗಿಗಳಿಗೆ ಸಿಕ್ಕಿರಲಿಲ್ಲ.

ಮಧ್ಯಾಹ್ನ ಡ್ರಮಂಡ್ ಕೋಟೆಯ ಉದ್ಯಾನವನ್ನು ನೋಡಿದೆವು. ಊರಿನಿಂದ ಎರಡು ಮೂರು ಮೈಲಿ. ಮರಗಳ ಸಾಲಿನ ನಡುವಿನ ಉದ್ದ ದಾರಿಯಲ್ಲಿ ಹೋಗಿ ಅಂಗಳದ ಅಂಚಿಗೆ ಬಂದು ನಿಂತರೆ ಕೆಳಗೆ ಒಮ್ಮೆಲೇ ತೋಟ ತೆರೆದುಕೊಳ್ಳುತ್ತದೆ. ಸ್ಕಾಟ್ಲೆಂಡಿನ ಧ್ವಜದಲ್ಲಿರುವ ಸಂತ ಆಂಡ್ರೂನ ಓರೆ ಶಿಲುಬೆಯ ಆಕಾರದಲ್ಲಿ ಗಿಡಗಳನ್ನು ಕತ್ತರಿಸಿ ಬೆಳೆಸಿದ್ದಾರೆ. ನಡುವೆ 1630ರ ಕಲ್ಲಿನ ಸೂರ್ಯಗಡಿಯಾರ. ಮೇಲಿನಿಂದ ಕೆಳಕ್ಕೆ ನೋಡುವಾಗ ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನವೇ ನೆನಪಾಯಿತು. ನಮ್ಮಲ್ಲಿ ನೀರು ಮಾತನಾಡುತ್ತದೆ; ಇಲ್ಲಿ ಕತ್ತರಿಯ ಶಿಸ್ತು. ವಿಕ್ಟೋರಿಯಾ ರಾಣಿ 1842ರಲ್ಲಿ ಇಲ್ಲಿಗೆ ಬಂದಾಗ ಮರ ನೆಟ್ಟುಹೋಗಿದ್ದಾಳೆ.

ಇಷ್ಟು ಮೊದಲ ದಿನದ್ದು. ಎರಡನೆಯ ದಿನ ಬೆಳಿಗ್ಗೆ ಬೇರ್ಡನ ಗುಡ್ಡಕ್ಕೆ ಹೊರಟೆವು.

ಕ್ರೀಫ್‌ನಿಂದ ಪಶ್ಚಿಮಕ್ಕೆ ಕಾಮ್ರೀ ಎಂಬ ಹಳ್ಳಿಗೆ ಹೋಗುವ ರಸ್ತೆಯ ಪಕ್ಕದಲ್ಲಿ, ಮರಗಳ ಮೇಲೆ ಮೂಗು ಚಾಚಿಕೊಂಡಂತೆ ಒಂದು ಕಲ್ಲಿನ ಸೂಜಿ ಕಾಣುತ್ತದೆ. ಅದೇ ಸ್ಮಾರಕ. ಗುಡ್ಡದ ಹೆಸರು ಟಾಮ್ ಅ ಹಾಸ್ಟಿಲ್, ಅಂದರೆ ಕೋಟೆಯ ದಿಬ್ಬ. ಪೂರ್ವದಲ್ಲಿ ಅಲ್ಲಿ ಸ್ಟ್ರ್ಯಾತರ್ನ್ ಪ್ರಾಂತ್ಯದ ದೊರೆಗಳ ಕೋಟೆಯಿತ್ತು. ಲೇಡಿ ಬೇರ್ಡ್ 1832ರಲ್ಲಿ ಈಜಿಪ್ಟಿನ ಸ್ತಂಭದ ಮಾದರಿಯಲ್ಲಿ ಇದನ್ನು ಕಟ್ಟಿಸಿದಳು. ಈಜಿಪ್ಟಿನ ಮಾದರಿಗೂ ಅರ್ಥವಿದೆ. 1801ರಲ್ಲಿ ಬೇರ್ಡ್ ಭಾರತದಿಂದ ಸೈನ್ಯವನ್ನು ಹಡಗಿನಲ್ಲಿ ಕೊಂಡೊಯ್ದು, ಕೆಂಪು ಸಮುದ್ರದ ದಡದಿಂದ ಮರುಭೂಮಿಯನ್ನು ದಾಟಿಸಿ ನೈಲ್ ನದಿಗೆ ಮುಟ್ಟಿಸಿದ್ದ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಒಮ್ಮೆ ಸಿಡಿಲು ಬಡಿದು ಸ್ತಂಭ ಒಡೆದಿತ್ತು, ಮತ್ತೆ ಸರಿಪಡಿಸಿದರು.

ಗುಡ್ಡ ಎತ್ತರವೇನಲ್ಲ. ಆದರೂ ನನ್ನ ಮಂಡಿಗಳಿಗೆ ಸಾಕಷ್ಟು ಎತ್ತರವಾಗಿತ್ತು. ಒದ್ದೆ ಎಲೆಗಳ ಮೇಲೆ ಮಗಳ ತೋಳು ಹಿಡಿದು ಏರಿ, ಸ್ತಂಭದ ಬುಡಕ್ಕೆ ಬೆನ್ನುಕೊಟ್ಟು ನಿಂತೆ. ಕೆಳಗೆ ಅರ್ನ್ ನದಿ, ಕುರಿಗಳು, ಮೋಡದ ನೆರಳು. ಕಾವೇರಿಯ ನಡುಗಡ್ಡೆಯಲ್ಲಿ ನಡೆದುಹೋದ ಒಂದು ಮಧ್ಯಾಹ್ನದ ಫಲವಾಗಿ ಇಲ್ಲಿ ಇಂಥದೊಂದು ಕಲ್ಲು ನಿಂತಿದೆಯೆಂದರೆ ನಂಬಲು ಕಷ್ಟವಾಗುತ್ತದೆ. ನಾನು ಅಲ್ಲಿಗೆ ಹೋಗುವ ಹಿಂದಿನ ತಿಂಗಳಷ್ಟೇ, ಕಂಪನಿಯ ಸೈನ್ಯ ಬೇರ್ಡನಿಗೆ ಕಾಣಿಕೆಯಾಗಿ ಕೊಟ್ಟಿದ್ದ ಟಿಪ್ಪುವಿನ ಶಯನಾಗಾರದ ಖಡ್ಗ ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡುಗಳಿಗೂ ಹೆಚ್ಚಿನ ಬೆಲೆಗೆ ಹೋಗಿತ್ತು.

ಆದರೆ ಅಲ್ಲಿ ನಿಂತಾಗ ನನಗೆ ನೆನಪಾದದ್ದು ಖಡ್ಗವೂ ಅಲ್ಲ, ಕೋಟೆಯೂ ಅಲ್ಲ, ಒಬ್ಬ ಹುಡುಗ.

ಪ್ರತಿವರ್ಷ ಒಂಬತ್ತನೆಯ ತರಗತಿಯವರನ್ನು ನಾನು ಪಟ್ಟಣಕ್ಕೆ ಕರೆದೊಯ್ಯುತ್ತಿದ್ದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಮೊದಲು ದರಿಯಾ ದೌಲತ್. ಅದರ ಪಶ್ಚಿಮದ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆಯಲ್ಲ, ಹೈದರ್ ಮತ್ತು ಟಿಪ್ಪು ಆನೆ ಕುದುರೆಗಳ ನಡುವೆ ಗಂಭೀರವಾಗಿ ಬರುತ್ತಿರುವುದು, ಕರ್ನಲ್ ಬೈಲಿ ಗಾಯಗೊಂಡು ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚಿಕೊಂಡಿರುವುದು, ಅದನ್ನು ಉತ್ಸಾಹದಿಂದ ವಿವರಿಸುತ್ತಿದ್ದೆ. ಆಮೇಲೆ ಬೈಲಿಯ ಬಂದೀಖಾನೆ. ಪೊಲ್ಲಿಲೂರಿನಲ್ಲಿ ಸೆರೆಸಿಕ್ಕ ಬೈಲಿ 1782ರಲ್ಲಿ ಪಟ್ಟಣದಲ್ಲಿಯೇ ಸತ್ತ. ಅದೇ ಯುದ್ಧದಲ್ಲಿ ಗಾಯಗೊಂಡು ಸೆರೆಯಾದವರಲ್ಲಿ ಇಪ್ಪತ್ತೆರಡು ವರ್ಷದ ಬೇರ್ಡನೂ ಇದ್ದ. ಮಂಗಳೂರಿನ ಒಪ್ಪಂದವಾಗಿ 1784ರಲ್ಲಿ ಬಿಡುಗಡೆಯಾಗುವವರೆಗೆ 44 ತಿಂಗಳು ಅವನು ನಮ್ಮ ಪಟ್ಟಣದ ಕೈದಿ. ಹದಿನೈದು ವರ್ಷಗಳ ಬಳಿಕ ಅದೇ ಕೋಟೆಗೆ ಲಗ್ಗೆ ಹಾಕುವ ಕೆಲಸವನ್ನು ತಾನಾಗಿ ಕೇಳಿ ಪಡೆದ. ಅಂದು ರಾತ್ರಿ ದೀವಟಿಗೆಯ ಬೆಳಕಿನಲ್ಲಿ ಹೆಣಗಳ ರಾಶಿಯಲ್ಲಿ ಟಿಪ್ಪುವಿನ ದೇಹವನ್ನು ಹುಡುಕಿಸಿದವನೂ ಅವನೇ. ಆ ದೃಶ್ಯವನ್ನು ಲೇಡಿ ಬೇರ್ಡ್ ಡೇವಿಡ್ ವಿಲ್ಕಿ ಎಂಬ ಹೆಸರಾಂತ ಚಿತ್ರಕಾರನಿಂದ ಬರೆಸಿದಳು; 1839ರಲ್ಲಿ ಅದು ಮುಗಿಯಿತು. ಪಟ್ಟಣದ ಗೋಡೆಯ ಮೇಲೆ ನಮ್ಮ ಗೆಲುವಿನ ಚಿತ್ರ, ಸ್ಕಾಟ್ಲೆಂಡಿನಲ್ಲಿ ಅವರ ಗೆಲುವಿನ ಚಿತ್ರ.

1986ರ ಪ್ರವಾಸ. ಬಂದೀಖಾನೆಯ ಕಮಾನುಗಳ ಕೆಳಗೆ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಗೋಡೆಗೆ ಚಾಚಿದ ಕಲ್ಲುಗಳಿಗೆ ಕೈದಿಗಳನ್ನು ಹೇಗೆ ಬಿಗಿಯುತ್ತಿದ್ದರೆಂದು ನನ್ನದೇ ಕೈಗಳನ್ನು ಅಗಲಿಸಿ ತೋರಿಸುತ್ತಿದ್ದೆ. ಹುಡುಗರು ನಗುತ್ತಿದ್ದರು. ಹಿಂದಿನಿಂದ ಒಬ್ಬ ಕೇಳಿದ: "ಸಾ, ಇವ್ರ ಮನೆಯೋರ್ಗೆ ಗೊತ್ತಾಗಿತ್ತಾ ಸಾ? ಅವ್ರವ್ವ ಏನಂದ್ಲು?"

ಎಲ್ಲರೂ ಇನ್ನಷ್ಟು ನಕ್ಕರು. ನಾನೂ ನಕ್ಕೆ. "ಅದು ಪರೀಕ್ಷೆಗೆ ಬರುವುದಿಲ್ಲ, ಮುಂದಕ್ಕೆ ನಡಿ" ಎಂದೆ.

ಕೆಲವು ತಿಂಗಳಾದ ಮೇಲೆ ಸ್ಟಾಫ್ ರೂಮಿನಲ್ಲಿ ಯಾರೋ ಮಾತಿಗೆ ಹೇಳಿದರು: ಊರಿನ ಜಮೀನು ಜಗಳವೊಂದರಲ್ಲಿ ಸಿಕ್ಕಿಕೊಂಡ ಆ ಹುಡುಗನ ತಂದೆ ಆಗ ಮೈಸೂರಿನ ಜೈಲಿನಲ್ಲಿದ್ದನಂತೆ. ಅವನ ಪ್ರಶ್ನೆ ಚರಿತ್ರೆಯದಾಗಿರಲಿಲ್ಲ. ಅಥವಾ, ಚರಿತ್ರೆಯ ಪ್ರಶ್ನೆಯೆಂದರೆ ಅದೇ ಎಂಬುದು ಚರಿತ್ರೆಯ ಮೇಷ್ಟ್ರಿಗೆ ತಿಳಿದಿರಲಿಲ್ಲ.

ಗುಡ್ಡದಿಂದಿಳಿದು ಕಾಮ್ರೀಗೆ ಹೋದೆವು. ನೆಲದಡಿಯ ದೊಡ್ಡ ಬಿರುಕೊಂದರ ಬಳಿ ಇರುವ ಈ ಹಳ್ಳಿಗೆ 'ನಡುಗುವ ಊರು' ಎಂಬ ಅಡ್ಡಹೆಸರಿದೆ. ಹೊಲದ ನಡುವೆ ಒಂದು ಕೋಣೆಯ ಪುಟ್ಟ ಕಟ್ಟಡ. 1874ರಲ್ಲಿ ಕಟ್ಟಿದ ಭೂಕಂಪದ ಮನೆ. ಕಿಟಕಿಯಿಂದ ಇಣುಕಿದರೆ ಒಳಗೆ ನೆಲದ ಮೇಲೆ ನಿಲ್ಲಿಸಿದ ಮರದ ಗೂಟಗಳು ಕಾಣುತ್ತವೆ. ನೆಲ ನಡುಗಿದರೆ ಯಾವ ಗೂಟ ಯಾವ ದಿಕ್ಕಿಗೆ ಬಿತ್ತೆಂದು ನೋಡುವ ಏರ್ಪಾಡು. ಈ ಮನೆ ಏಳುವುದಕ್ಕೂ ಮೊದಲೇ, 1839ರ ಸುಮಾರಿನಲ್ಲಿ, ಕಂಪನಗಳನ್ನು ಒಂದೊಂದಾಗಿ ಬರೆದಿಟ್ಟವರು ಊರಿನ ಅಂಚೆಯವ ಪೀಟರ್ ಮ್ಯಾಕ್‌ಫರ್ಲೇನ್ ಮತ್ತು ಚಪ್ಪಲಿ ಹೊಲಿಯುವ ಜೇಮ್ಸ್ ಡ್ರಮಂಡ್. ಚಪ್ಪಲಿ ಹೊಲಿಯುವವನಿಗೆ ವಿಜ್ಞಾನದಲ್ಲಿ ಇಷ್ಟು ಆಸಕ್ತಿ ಎಲ್ಲಿಂದ ಬಂತು ಎಂದುಕೊಂಡೆ. ಮರುದಿನ ನೋಡಿದ ಒಂದು ಸ್ಥಳದಲ್ಲಿ, ಆ ನಾಡಿನ ಬಡಜನರಿಗೂ ಪುಸ್ತಕ ಹೇಗೆ ಕೈಗೆಟುಕುತ್ತಿತ್ತೆಂಬುದನ್ನು ಕಣ್ಣಾರೆ ಕಂಡೆ.

ಅದು ಇನ್ನರ್‌ಪೆಫ್ರೇ ಗ್ರಂಥಾಲಯ. ಕ್ರೀಫ್‌ನಿಂದ ಆಗ್ನೇಯಕ್ಕೆ ನಾಲ್ಕೈದು ಮೈಲಿ, ಅರ್ನ್ ನದಿಯ ದಂಡೆಯ ಮೇಲೆ, ಸುತ್ತ ಮನೆಮಠಗಳಿಲ್ಲದ ಕಡೆ. ಒಂದು ಹಳೆಯ ಪ್ರಾರ್ಥನಾಮಂದಿರ, ಅದಕ್ಕೆ ಅಂಟಿಕೊಂಡಂತೆ ಒಂದು ಎರಡಂತಸ್ತಿನ ಬಿಳಿಯ ಮನೆ. 1680ರಲ್ಲಿ ಮ್ಯಾಡರ್ಟಿಯ ದೊರೆ ಡೇವಿಡ್ ಡ್ರಮಂಡ್ ತನ್ನ ಪುಸ್ತಕಗಳನ್ನು ಸುತ್ತಮುತ್ತಲ ಜನರ, ವಿಶೇಷವಾಗಿ ವಿದ್ಯಾರ್ಥಿಗಳ ಉಪಯೋಗಕ್ಕೆಂದು ಬಿಟ್ಟುಕೊಟ್ಟ. ಜೊತೆಗೊಂದು ಶಾಲೆಗೂ ದತ್ತಿಯಿಟ್ಟ. ಮೊದಲು ಪ್ರಾರ್ಥನಾಮಂದಿರದಲ್ಲಿದ್ದ ಪುಸ್ತಕಗಳಿಗೆ 1762ರ ವೇಳೆಗೆ ಸ್ವಂತ ಕಟ್ಟಡವಾಯಿತು. ಜನರಿಗೆ ಬಿಟ್ಟಿಯಾಗಿ ಪುಸ್ತಕವನ್ನು ಮನೆಗೆ ಕೊಟ್ಟ ಸ್ಕಾಟ್ಲೆಂಡಿನ ಮೊದಲ ಗ್ರಂಥಾಲಯ ಇದು. ಈಗ ಪುಸ್ತಕ ಎರವಲು ಕೊಡುವುದಿಲ್ಲ, ಪ್ರವೇಶಕ್ಕೆ ಹಣವುಂಟು, ವಾರದ ಎಲ್ಲ ದಿನವೂ ತೆರೆದಿರುವುದಿಲ್ಲ. ಹೋಗುವವರು ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು.

ಮೇಲಂತಸ್ತಿನ ಕೋಣೆಯಲ್ಲಿ ದೊಡ್ಡ ಕಿಟಕಿಗಳು, ಗೋಡೆ ತುಂಬ ಚರ್ಮದ ರಟ್ಟಿನ ಪುಸ್ತಕಗಳು. ಅಲ್ಲಿದ್ದ ವೃದ್ಧೆಯೊಬ್ಬರು, ಸ್ವಯಂಸೇವಕರಿರಬೇಕು, ನಾನು ಮೇಷ್ಟ್ರಾಗಿದ್ದೆನೆಂದು ತಿಳಿದು ಎರವಲು ಪುಸ್ತಕಗಳ ರಿಜಿಸ್ಟರನ್ನು ಬಹಳ ಹೊತ್ತು ವಿವರಿಸಿದರು. 1747ರಿಂದ 1968ರವರೆಗೆ ಯಾರು ಯಾವ ಪುಸ್ತಕವನ್ನು ಒಯ್ದರೆಂಬ ಲೆಕ್ಕ ಉಳಿದುಬಂದಿದೆ. ಸಿರಿವಂತರ ಹೆಸರುಗಳಿಗಿಂತ ಸಾಮಾನ್ಯರವೇ ಹೆಚ್ಚು: ರೈತ, ಕಲ್ಲು ಒಡೆಯುವವ, ಬಣ್ಣಗಾರ, ಕ್ಷೌರಿಕ, ಚಪ್ಪಲಿ ಹೊಲಿಯುವವ, ಶಾಲೆಯ ಮೇಷ್ಟ್ರು, ವಿದ್ಯಾರ್ಥಿ, ನಡುನಡುವೆ ಹೆಂಗಸರು. ಪುಸ್ತಕವನ್ನು ಇಷ್ಟರೊಳಗೆ ಹಿಂದಿರುಗಿಸುತ್ತೇನೆಂದು ಹಲವರು ತಮ್ಮ ಕೈಯಾರೆ ಬರೆದುಕೊಟ್ಟಿದ್ದಾರೆ. ಧರ್ಮೋಪದೇಶ, ಚರಿತ್ರೆ, ಬೇಸಾಯ, ಹೀಗೆ ಎಲ್ಲವನ್ನೂ ಒಯ್ದಿದ್ದಾರೆ. ಮಳೆಯಲ್ಲಿ, ಕೆಸರಿನಲ್ಲಿ ಮೈಲಿಗಟ್ಟಲೆ ನಡೆದು ಬಂದು, ಕಂಬಳಿಯ ಕೆಳಗೆ ಪುಸ್ತಕವನ್ನಿಟ್ಟುಕೊಂಡು ಹೋಗಿರಬೇಕು. ಕೆಲವು ಪುಸ್ತಕಗಳು ಸವೆದಿವೆ. ಆ ಸವಕಳಿಯನ್ನು ಆಕೆ ಹೆಮ್ಮೆಯಿಂದ ತೋರಿಸಿದರು.

ನಾನು ಕಿಟಕಿಯ ಬಳಿ ಕುಳಿತೆ. "ಸುಸ್ತಾಯಿತೇ ಅಪ್ಪ?" ಎಂದಳು ಮಗಳು. ಹೌದೆಂದೆ.

ಮಿತ್ರರೇ, ನಮ್ಮ ಶಾಲೆಯ ಗ್ರಂಥಾಲಯ ನಿಮಗೆ ನೆನಪಿದೆಯೆ? ನೆನಪಿರುವುದು ಸಾಧ್ಯವಿಲ್ಲ, ನಿಮ್ಮಲ್ಲಿ ಯಾರೂ ಅದನ್ನು ನೋಡಿಲ್ಲ. ಸ್ಟಾಫ್ ರೂಮಿನ ಮೂಲೆಯಲ್ಲಿದ್ದ ಹಸುರು ಬಣ್ಣದ ಕಬ್ಬಿಣದ ಬೀರುವೇ ಅದು. ನಾಲ್ಕುನೂರ ಚಿಲ್ಲರೆ ಪುಸ್ತಕಗಳಿದ್ದವು. ಹನ್ನೊಂದು ವರ್ಷ ಅದರ ಚಾರ್ಜು ನನ್ನದು, ಬೀಗದ ಕೈ ನನ್ನ ಜೇಬಿನಲ್ಲಿ. ಒಂದು ಪುಸ್ತಕ ಕಳೆದರೂ ಸ್ಟಾಕ್ ವೆರಿಫಿಕೇಶನ್ನಿನಲ್ಲಿ ಸಂಬಳದಿಂದ ಹಿಡಿಯುತ್ತಾರೆಂಬ ಭಯ. ಆದ್ದರಿಂದ ಕಳೆಯದಿರಲು ಅತ್ಯಂತ ಸುಲಭವಾದ ಉಪಾಯವನ್ನು ಕಂಡುಕೊಂಡಿದ್ದೆ: ಯಾರಿಗೂ ಕೊಡದಿರುವುದು.

ಆ ಹುಡುಗ ಪ್ರವಾಸ ಮುಗಿದ ವಾರದಲ್ಲಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಿದ್ದ. "ಸಾ, ಆ ಸೆರೆಯೋರ ಕತೆ ಇರೋ ಬುಕ್ಕು ಬೀರುನಾಗೈತಾ ಸಾ?" ಎಂದು ಕೇಳಿದ. ಇತ್ತು. ಟಿಪ್ಪುವಿನ ಕಾಲದ ಬಗೆಗೆ ಎರಡು ಪುಸ್ತಕಗಳಿದ್ದುದು ನನಗೆ ಚೆನ್ನಾಗಿ ಗೊತ್ತು. ಅವುಗಳಲ್ಲಿ ಒಂದರ ಕೊನೆಯಲ್ಲಿ ಕೈದಿಗಳ ವೃತ್ತಾಂತವೂ ಇತ್ತು. "ವೆರಿಫಿಕೇಶನ್ ಆಗಲಿ, ಆಮೇಲೆ ನೋಡೋಣ" ಎಂದೆ. ಅವನು ಇನ್ನೆರಡು ಸಲ ಬಂದ. ಮೂರನೆಯ ಸಲ ಬರಲಿಲ್ಲ. ಮುಂದಿನ ವರ್ಷ ಶಾಲೆಗೇ ಬರಲಿಲ್ಲ. ನಾನು ವರ್ಗವಾಗಿ ಹೋಗುವಾಗ ಬೀರುವನ್ನು ವಹಿಸಿಕೊಟ್ಟೆ. ಒಂದು ಪುಸ್ತಕವೂ ಕಳೆದಿರಲಿಲ್ಲ. ಕೆಳಗಿನ ಅರೆಯಲ್ಲಿದ್ದ ಕೆಲವನ್ನು ಗೆದ್ದಲು ತಿಂದಿತ್ತು, ಅಷ್ಟೆ. ಮುಖ್ಯೋಪಾಧ್ಯಾಯರು ನನ್ನ ಅಚ್ಚುಕಟ್ಟುತನವನ್ನು ಎಲ್ಲರೆದುರಿಗೆ ಹೊಗಳಿದರು.

ಇನ್ನರ್‌ಪೆಫ್ರೇಯ ಆ ರಿಜಿಸ್ಟರಿನಲ್ಲಿ ಇನ್ನೂರೈವತ್ತು ವರ್ಷಗಳ ಹಿಂದಿನ ಚಪ್ಪಲಿ ಹೊಲಿಯುವವನ ಹೆಸರಿದೆ. ನನ್ನ ರಿಜಿಸ್ಟರಿನ ವಿತರಣೆಯ ಪುಟಗಳು ಹನ್ನೊಂದು ವರ್ಷ ಬಿಳಿಯಾಗಿಯೇ ಇದ್ದವು. ಗುಡ್ಡದ ಮೇಲಿನ ಕಲ್ಲನ್ನು ನೋಡಿದಾಗ ನನಗೆ ಕೋಪ, ಮತ್ಸರ, ಹೆಮ್ಮೆ ಎಲ್ಲ ಬೆರೆತ ಭಾವವೊಂದು ಬಂದಿತ್ತು. ಈ ಕೋಣೆಯಲ್ಲಿ ಬಂದದ್ದು ನಾಚಿಕೆಯೊಂದೇ.

ಎಡಿನ್‌ಬರೋಗೆ ಹಿಂದಿರುಗಿದ ಮೇಲೆ, ಮಗಳು ತನ್ನ ಕಾರ್ಡಿನ ಮೇಲೆ ಅಲ್ಲಿಯ ಗ್ರಂಥಾಲಯದಿಂದ ಪುಸ್ತಕಗಳನ್ನು ತಂದುಕೊಟ್ಟಳು. ಆ ಹುಡುಗನ ಪ್ರಶ್ನೆಗೆ ಉತ್ತರ ಅವುಗಳಲ್ಲಿ ಸಿಕ್ಕಿತು. ಸ್ಕಾಟ್ಲೆಂಡಿನಲ್ಲಿ ಬಹುಜನ ಬಲ್ಲ ಕಥೆಯಂತೆ ಅದು. ಮಗ ಹೈದರನ ಸೆರೆಯಲ್ಲಿದ್ದಾನೆ, ಕೈದಿಗಳನ್ನು ಇಬ್ಬಿಬ್ಬರಂತೆ ಸಂಕೋಲೆಯಲ್ಲಿ ಜೋಡಿಸಿದ್ದಾರೆ ಎಂಬ ಸುದ್ದಿ ಬೇರ್ಡನ ತಾಯಿಗೆ ತಲುಪಿತು. ಮಗನ ಮುಂಗೋಪವನ್ನು ಚಿಕ್ಕಂದಿನಿಂದ ಬಲ್ಲ ಆ ತಾಯಿ, ನಮ್ಮ ಡೇವಿಯ ಜೊತೆಗೆ ಕಟ್ಟಿಹಾಕಿಸಿಕೊಂಡ ಆ ಬಡಪಾಯಿಯನ್ನು ದೇವರೇ ಕಾಪಾಡಬೇಕು ಎಂಬರ್ಥದ ಮಾತು ಹೇಳಿದಳಂತೆ. ಇನ್ನೊಂದು ಸಂಗತಿಯೂ ಅವನ ಜೀವನಚರಿತ್ರೆಯಲ್ಲಿದೆ. ಬೇರ್ಡನ ಗಾಯ ಇನ್ನೂ ಮಾಯದಿರುವಾಗ ಸಂಕೋಲೆ ತಂದರು. ಆಗ ಲ್ಯೂಕಸ್ ಎಂಬ ವಯಸ್ಸಾದ ಅಧಿಕಾರಿ ಮುಂದೆ ಬಂದು, ಅವನದನ್ನೂ ನನಗೇ ಹಾಕಿ, ಎರಡನ್ನೂ ನಾನು ಹೊರುತ್ತೇನೆ ಎಂದನಂತೆ. ಬೇರ್ಡ್ ಬದುಕಿ ಹೊರಬಂದ. ಲ್ಯೂಕಸ್ ಸೆರೆಯಲ್ಲಿಯೇ ಸತ್ತ. ಅವನಿಗೆ ಯಾವ ಗುಡ್ಡದ ಮೇಲೂ ಸ್ತಂಭವಿದ್ದುದನ್ನು ನಾನು ಕಾಣಲಿಲ್ಲ.

ಇದನ್ನು ಅಂದು ಬಂದೀಖಾನೆಯಲ್ಲಿ ಹೇಳಿದ್ದರೆ ಆ ಹುಡುಗನೂ ಎಲ್ಲರೊಡನೆ ನಗುತ್ತಿದ್ದನೋ ಏನೋ. ಸೆರೆಯಲ್ಲಿದ್ದವರಿಗೂ ಮನೆಯಿರುತ್ತದೆ, ಮನೆಯವರಿಗೆ ಸುದ್ದಿ ಮುಟ್ಟುತ್ತದೆ, ಅವರು ಅಳುತ್ತಲೇ ಹಾಸ್ಯವನ್ನೂ ಮಾಡುತ್ತಾರೆ ಎಂಬುದನ್ನು ಪಠ್ಯಪುಸ್ತಕ ಹೇಳದಿದ್ದರೂ ಮೇಷ್ಟ್ರು ಹೇಳಬಹುದಾಗಿತ್ತು.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. 1986ರಲ್ಲಿ ಒಂಬತ್ತನೆಯ 'ಬಿ' ವಿಭಾಗದಲ್ಲಿ ಕಿಟಕಿಯ ಬದಿಯ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದವನೆಂದರೆ ಅವನ ಸಹಪಾಠಿಗಳಿಗೆ ತಿಳಿದೀತು. ಈಗ ಐವತ್ತು ದಾಟಿರುತ್ತಾನೆ. ನಿಮ್ಮಲ್ಲಿ ಯಾರಿಗಾದರೂ ಅವನ ಪರಿಚಯವಿದ್ದರೆ, ಅವನ ಪ್ರಶ್ನೆಗೆ ಉತ್ತರ ಸಿಕ್ಕಿದೆಯೆಂದು, ಮೇಷ್ಟ್ರು ಕ್ಷಮೆ ಕೇಳಿದರೆಂದು ತಿಳಿಸಿ. ಟಿಪ್ಪುವಿನ ಕಾಲದ ಆ ಎರಡು ಪುಸ್ತಕಗಳನ್ನು ಹಳೆಯ ಪುಸ್ತಕದ ಅಂಗಡಿಯಲ್ಲಿ ಹುಡುಕಿ ಕೊಂಡು ತಂದಿದ್ದೇನೆ. ಅವು ನನ್ನ ಮನೆಯ ಮೇಜಿನ ಮೇಲಿವೆ. ಅವನೇ ಬಂದು ಒಯ್ಯಲಿ, ಹಿಂದಿರುಗಿಸಬೇಕಾಗಿಲ್ಲ.